ಕಹಳೆ, ಡ್ರಮ್ಮು ಮತ್ತು ಶಾಲೆಯ ಮೈದಾನ

ಜನವರಿ 26ರ ಬೆಳಿಗ್ಗೆ ದೆಹಲಿಯ ಪಥಸಂಚಲನದ ವೀಕ್ಷಕ ವಿವರಣೆಯನ್ನು ರೇಡಿಯೋದಲ್ಲಿ ಕೇಳುವ ಪದ್ಧತಿ ತಮ್ಮ ಮನೆಯಲ್ಲಿದ್ದರೆ, ವಿವರಣೆಕಾರರ ಮಾತಿನ ಹಿಂದೆ ಒಂದೇ ಸಮನೆ ಸಾಗಿಬರುವ ವಾದ್ಯಘೋಷವನ್ನು ತಾವು ಗಮನಿಸಿಯೇ ಇರುತ್ತೀರಿ. ಅದಾದ ಮೂರು ದಿನಕ್ಕೆ, 29ರ ಸಂಜೆ, ವಿಜಯ ಚೌಕದಲ್ಲಿ ಸೇನಾವಾದ್ಯಗಳ ಸಮಾರೋಪ ನಡೆಯುತ್ತದೆ. ಅಲ್ಲಿ ಕಹಳೆಗಾರರು ಸಂಜೆಯ ಕರೆಯನ್ನು ಊದುತ್ತಿರುವಂತೆ ಧ್ವಜಗಳು ಮೆಲ್ಲನೆ ಕೆಳಗಿಳಿಯುತ್ತವೆ. ಮನೆಯಲ್ಲಿ ಕುಳಿತು ಕೇಳುವವರಿಗೆ ಧ್ವಜ ಕಾಣದು. ಆದರೂ ಕಹಳೆಯ ಕೊನೆಯ ನಾದ ಕರಗುವಾಗ ಧ್ವಜ ಇಳಿದದ್ದು ತಿಳಿಯುತ್ತದೆ. ಇಷ್ಟೊಂದು ಹೇಳುವ ಈ ವಾದ್ಯಕ್ಕೆ ಇರುವುದು ಐದೇ ಐದು ನಾದಗಳು ಎಂದರೆ ತಾವು ನಂಬುವಿರಾ?

ದೆಹಲಿಯ ಆ ದೊಡ್ಡ ಮೇಳದ ಚಿಕ್ಕ ರೂಪವೊಂದು ನಮ್ಮ ಊರುಗಳಲ್ಲಿಯೂ ಉಂಟು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಓದಿದವರಿಗೆ ಅದು 'ಬ್ಯಾಂಡು ಸೆಟ್ಟು' ಎಂಬ ಹೆಸರಿನಿಂದ ಪರಿಚಿತ. ಆಗಸ್ಟ್ 15, ಜನವರಿ 26, ರಾಜ್ಯೋತ್ಸವದ ನವೆಂಬರ್ 1, ಈ ಮೂರು ದಿನಗಳಲ್ಲಿ ತಾಲ್ಲೂಕು ಕೇಂದ್ರದ ಮೈದಾನಕ್ಕೆ ಸುತ್ತಲ ಶಾಲೆಗಳ ಮಕ್ಕಳು ಸಾಲುಗಟ್ಟಿ ಬರುತ್ತಾರೆ. ಪ್ರತಿ ಶಾಲೆಯ ಮುಂದೆ ಅದರ ಬ್ಯಾಂಡು. ಯಾರದು ಮೇಲು ಎಂಬುದಕ್ಕೆ ಪಂದ್ಯ. ಹೈಸ್ಕೂಲಿನ ದಿನಗಳಲ್ಲಿ ಇಂತಹ ಪಂದ್ಯಗಳಲ್ಲಿ ಬ್ಯೂಗಲ್ ಊದಿದವನು ನಾನು. ಆ ನೆನಪಿನ ನೆಪದಲ್ಲಿ ಈ ವಾದ್ಯಗಳ ಒಳಗುಟ್ಟನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಮೇಳದ ರಚನೆಯನ್ನು ನೋಡೋಣ. ನಮ್ಮದು ಹದಿನಾಲ್ಕು ಹುಡುಗರ ತಂಡ. ಎದೆಯ ಮೇಲೆ ಅಡ್ಡಲಾಗಿ ಹೊತ್ತ ದೊಡ್ಡ ಡ್ರಮ್ಮು ಒಂದು. ಸೊಂಟದ ಎಡಬದಿಗೆ ಓರೆಯಾಗಿ ತೂಗುವ ಸೈಡ್ ಡ್ರಮ್ಮುಗಳು ಆರು. ಹಿತ್ತಾಳೆಯ ದೊಡ್ಡ ತಾಳ ಒಂದು ಜೊತೆ, ಮುಕ್ಕೋಣದ ಉಕ್ಕಿನ ಟ್ರಯಾಂಗಲ್ ಒಂದು, ಬ್ಯೂಗಲ್ಲುಗಳು ನಾಲ್ಕು. ಇವರೆಲ್ಲರ ಮುಂದೆ ಕೋಲು ಹಿಡಿದು ನಡೆಯುವ ನಾಯಕ. ಆತನ ಕೋಲು ಮೇಲೆ ಹೋದರೆ ಆರಂಭ, ಅಡ್ಡಕ್ಕೆ ಬಂದರೆ ಮುಕ್ತಾಯ. ಬಾಯಿಮಾತಿಗೆ ಅಲ್ಲಿ ಅವಕಾಶವಿಲ್ಲ. ಆ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳೀತು?

ಈಗ ಬ್ಯೂಗಲ್ಲಿನ ಸಂಗತಿ. ಇದು ಸುಮಾರು ನಾಲ್ಕೂವರೆ ಅಡಿ ಉದ್ದದ ಲೋಹದ ಕೊಳವೆ. ಹಿಡಿಯಲು ಅನುಕೂಲವಾಗಲೆಂದು ಅದನ್ನು ಸುತ್ತಿ ಮಡಿಸಿರುತ್ತಾರೆ. ಕೊಳಲಿಗಿರುವಂತೆ ಇದಕ್ಕೆ ಬೆರಳಿಡುವ ರಂಧ್ರಗಳಿಲ್ಲ. ನಾಗಸ್ವರಕ್ಕಿರುವಂತೆ ಬಾಯಲ್ಲಿ ಹಿಡಿಯುವ ಜೀವಾಳಿಯೂ ಇಲ್ಲ. ಊದುವವನ ತುಟಿಗಳೇ ಇದರ ಜೀವಾಳಿ. ತೆಂಗಿನ ಗರಿಯನ್ನು ಸುರುಳಿ ಸುತ್ತಿ ಪೀಪಿ ಮಾಡಿ ಊದುವ ಆಟ ನಮ್ಮ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಅಲ್ಲಿ ಅದುರುವುದು ಗರಿಯ ಅಂಚು. ಬ್ಯೂಗಲ್ಲಿನಲ್ಲಿ ಗರಿಯ ಆ ಕೆಲಸವನ್ನು ತುಟಿಗಳು ಮಾಡಬೇಕು. ಆದ್ದರಿಂದಲೇ ಪೀಪಿಯಲ್ಲಿ ಪ್ರವೀಣರಾದ ಹುಡುಗರು ಬ್ಯೂಗಲ್ ಕೈಗೆ ಬಂದಾಗ ಕೆನ್ನೆ ಉಬ್ಬಿಸಿ ಎಷ್ಟು ಗಾಳಿ ತುಂಬಿದರೂ ಬರೀ ಬುಸ್ಸೆಂಬ ಸದ್ದು ಬರುತ್ತಿತ್ತು. ಕೆನ್ನೆಯನ್ನು ಬಿಗಿಹಿಡಿದು, ತುಟಿಯನ್ನು ಕೂಡಿಸಿ, ಹೊಟ್ಟೆಯಿಂದ ಉಸಿರನ್ನು ನೂಕಿ ಅದುರಿಸಬೇಕು. ನಾಲ್ಕೈದು ದಿನ ತುಟಿ ಊದಿಕೊಂಡು, ಊಟಕ್ಕೆ ಖಾರ ಮುಟ್ಟಿಸುವಂತಿಲ್ಲ. ರಾತ್ರಿ ತುಟಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗುವುದೇ ಮದ್ದು.

ತುಟಿಯನ್ನು ಸಡಿಲವಾಗಿಟ್ಟರೆ ಕೆಳಗಿನ ನಾದ, ಬಿಗಿದಷ್ಟೂ ಮೇಲಿನ ನಾದ. ಆದರೆ ನಡುವಣ ಎಲ್ಲ ನಾದಗಳನ್ನೂ ಕೊಳವೆ ಒಪ್ಪುವುದಿಲ್ಲ. ತನ್ನ ಉದ್ದಕ್ಕೆ ಹೊಂದುವ ಅದುರುಗಳನ್ನು ಮಾತ್ರ ಅದು ಎತ್ತಿಕೊಂಡು ಉಳಿದವನ್ನು ನಿರಾಕರಿಸುತ್ತದೆ. ಆ ಅದುರುಗಳು ಎರಡು, ಮೂರು, ನಾಲ್ಕು, ಐದು, ಆರು ಎಂಬ ಪ್ರಮಾಣದಲ್ಲಿರುತ್ತವೆ. ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಕೆಳಗಿನಿಂದ ಮೇಲಕ್ಕೆ ಷಡ್ಜ, ಪಂಚಮ, ಮತ್ತೆ ಷಡ್ಜ, ಅಂತರ ಗಾಂಧಾರ, ಮೇಲಿನ ಪಂಚಮ. ನಾದ ಐದಾದರೂ ಸ್ವರ ಮೂರೇ: ಸ, ಗ, ಪ. ರೇಡಿಯೋದಲ್ಲಿ ಸಂಗೀತ ಕಚೇರಿ ಕೇಳುವ ಮನೆಗಳಿಗೆ ಇಲ್ಲೊಂದು ಕೌತುಕವಿದೆ. ಶ್ರುತಿಗೂಡಿದ ತಂಬೂರಿಯನ್ನು ಮೀಟಿ ಕಿವಿಗೊಟ್ಟರೆ, ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಬರುತ್ತದೆ. ಸಂಗೀತಗಾರರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಬ್ಯೂಗಲ್ಲಿನ ಗಾಂಧಾರವೂ ಅದೇ. ತಂತಿಯೊಳಗೆ ಅಡಗಿರುವ ಕ್ರಮವೂ ಕೊಳವೆಯೊಳಗೆ ಅಡಗಿರುವ ಕ್ರಮವೂ ಒಂದೇ ಆದ್ದರಿಂದ ಹೀಗೆ. ಜಾತ್ರೆಯ ಕೊಂಬು ಕಹಳೆಗಳೂ ಇದೇ ನಿಯಮಕ್ಕೆ ಒಳಪಟ್ಟವು.

ಡ್ರಮ್ಮಿನ ವಿಷಯ ಬೇರೆ. ಸೈಡ್ ಡ್ರಮ್ಮಿಗೆ ಮೇಲೊಂದು ಕೆಳಗೊಂದು, ಎರಡು ಚರ್ಮಗಳು. ಕೆಳಗಿನ ಚರ್ಮಕ್ಕೆ ತಗುಲುವಂತೆ ತಂತಿಗಳನ್ನು ಎಳೆದು ಕಟ್ಟಿರುತ್ತಾರೆ. ಮೇಲಿನ ಚರ್ಮಕ್ಕೆ ಕೋಲು ಬಿದ್ದಾಗ ಒಳಗಿನ ಗಾಳಿ ಕೆಳಗಿನ ಚರ್ಮವನ್ನು ನೂಕುತ್ತದೆ, ತಂತಿಗಳು ಅದರ ಮೇಲೆ ಕುಣಿಯುತ್ತವೆ. 'ಟರ್ರ್' ಎಂಬ ಆ ಒರಟು ಸದ್ದು ಹುಟ್ಟುವುದು ಹೀಗೆ. ತಂತಿಯನ್ನು ಸಡಿಲಿಸಿದರೆ ಅದೇ ಡ್ರಮ್ಮು ತಮಟೆಯ ತಮ್ಮನಂತೆ ಮಂದವಾಗಿ ಮಾತನಾಡುತ್ತದೆ. ಒಂದೊಂದು ಕೈಗೆ ಎರಡೆರಡು ಪೆಟ್ಟು, ಬಲ ಬಲ ಎಡ ಎಡ ಎಂದು ನಿಧಾನವಾಗಿ ಆರಂಭಿಸಿ, ಬರಬರುತ್ತ ವೇಗ ಹೆಚ್ಚಿಸಿದರೆ ಪೆಟ್ಟುಗಳು ಒಂದರೊಳಗೊಂದು ಕೂಡಿ ಮಳೆ ಸುರಿದಂತೆ ಅಖಂಡವಾದ ಉರುಳು ಆಗುತ್ತದೆ. ಶಾಲೆಯ ಬೆಂಚು, ಮನೆಯ ಜಗುಲಿ, ಕೊಬ್ಬರಿ ತುಂಬಿದ ಚೀಲ, ಎಲ್ಲದರ ಮೇಲೂ ನಮ್ಮ ಹುಡುಗರ ಅಭ್ಯಾಸ ನಡೆಯುತ್ತಿತ್ತು.

ತೆಂಗಿನ ಸೀಮೆಯವರ ಕಿವಿ ಈ ಕೆಲಸಕ್ಕೆ ಮೊದಲೇ ಪಳಗಿರುತ್ತದೆ ಎಂದು ನನ್ನ ನಂಬಿಕೆ. ಕಾಯನ್ನು ಬೆರಳಿನಿಂದ ತಟ್ಟಿ, ಇದು ಎಳನೀರು, ಇದು ಬಲಿತದ್ದು ಎಂದು ಹೇಳುವವರು ನಮ್ಮ ಮನೆಮನೆಯಲ್ಲಿದ್ದಾರೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾದ ಕಾಯನ್ನು ಕಿವಿಯ ಬಳಿ ಅಲುಗಿಸಿ, ಒಳಗೆ ಗಿಟುಕು ಕಳಚಿ ಉರುಳುವ ಸದ್ದಿನಿಂದಲೇ ಕೊಬ್ಬರಿ ಆಯಿತೋ ಇಲ್ಲವೋ ಎಂದು ತೀರ್ಮಾನಿಸುತ್ತಾರೆ. ಡ್ರಮ್ಮಿನ ಅಂಚಿನ ಸುತ್ತ ಬೆರಳು ತಟ್ಟಿ, ಎಲ್ಲಿ ಚರ್ಮ ಸಡಿಲ, ಎಲ್ಲಿ ಬಿಗಿ ಎಂದು ಕಂಡುಕೊಳ್ಳುವುದೂ ಇದೇ ವಿದ್ಯೆಯ ಮುಂದುವರಿಕೆ.

ಈ ವಿದ್ಯೆಯ ನಿಜವಾದ ಗುರುವೊಬ್ಬರನ್ನು ಇಲ್ಲಿ ನೆನೆಯದಿದ್ದರೆ ನನ್ನ ಲೇಖನ ಅಪೂರ್ಣವಾದೀತು. ನಮ್ಮ ಡ್ರಮ್ಮುಗಳಿಗೆ ಇದ್ದದ್ದು ನಿಜವಾದ ಚರ್ಮ. ಪ್ಲಾಸ್ಟಿಕ್ಕಿನ ಹೊದಿಕೆ ಅಮೆರಿಕದಲ್ಲಿ 1950ರ ದಶಕದ ಕೊನೆಯಲ್ಲೇ ಬಳಕೆಗೆ ಬಂದಿದ್ದರೂ ನಮ್ಮ ಶಾಲೆಯನ್ನು ಅದಿನ್ನೂ ತಲುಪಿರಲಿಲ್ಲ. ಚರ್ಮಕ್ಕೆ ಹವೆಯೇ ಒಡೆಯ. ಆಗಸ್ಟ್ 15 ಬರುವುದು ಆಶ್ಲೇಷ ಮಳೆಯ ಕಾಲದಲ್ಲಿ. ಜಡಿಮಳೆಯ ತೇವ ಹೀರಿ ಚರ್ಮ ಜೋಲುಬಿದ್ದು, ದೊಡ್ಡ ಡ್ರಮ್ಮು ಒದ್ದೆ ಗೋಣಿಯನ್ನು ಬಡಿದಂತೆ ಶಬ್ದ ಮಾಡುತ್ತದೆ. ಜನವರಿಯಲ್ಲಾದರೆ ಒಣಹವೆಗೆ ಬಿಗಿದು ಬಿರುಕು ಬಿಡುವ ಭಯ. ಪಂದ್ಯದ ಹಿಂದಿನ ದಿನ ಡ್ರಿಲ್ ಮೇಷ್ಟ್ರು ಕೇರಿಯಿಂದ ಒಬ್ಬ ಹಿರಿಯ ತಮಟೆಗಾರರನ್ನು ಕರೆಸುತ್ತಿದ್ದರು. ಅವರು ತೆಂಗಿನ ಒಣಗರಿಯ ಉರಿ ಹಾಕಿ, ಡ್ರಮ್ಮನ್ನು ದೂರದಲ್ಲಿ ಹಿಡಿದು ತಿರುಗಿಸುತ್ತ, ಅಂಗೈಯಿಂದ ಚರ್ಮದ ಬಿಸಿ ನೋಡುತ್ತ, ಹಗ್ಗವನ್ನು ಒಂದೊಂದೇ ಗೆಣ್ಣು ಎಳೆಯುತ್ತ ಹದಕ್ಕೆ ತರುತ್ತಿದ್ದರು. ಒಮ್ಮೆ ದೊಡ್ಡ ಡ್ರಮ್ಮಿನ ಹುಡುಗ ಬಲವೆಲ್ಲ ಬಿಟ್ಟು ಬಡಿಯುತ್ತಿದ್ದುದನ್ನು ಕಂಡು, ಕೋಲನ್ನು ಕೇಳಿ ಪಡೆದು ಒಂದೇ ಪೆಟ್ಟು ಹಾಕಿ ತೋರಿಸಿದರು. ಕೋಲು ಚರ್ಮವನ್ನು ಮುಟ್ಟಿದ ಕ್ಷಣದಲ್ಲೇ ಹಿಂದಕ್ಕೆ ಬಂತು. ಸದ್ದು ಮೈದಾನದಾಚೆಯ ತೋಟದವರೆಗೆ ಹೋಯಿತು. "ಚರ್ಮದ ಮೇಲೆ ಕೋಲು ಮಲಗಿಸಬ್ಯಾಡಿ ಬುದ್ಧಿ, ಮಲಗಿದ್ರೆ ಸದ್ದು ಸಾಯ್ತದೆ" ಎಂದರು. ಡ್ರಮ್ಮಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಮುಂದೆಂದೂ ಕೇಳಲಿಲ್ಲ.

ಅರವತ್ತು ದಾಟಿದ ಅವರು ಹದಿನಾಲ್ಕರ ಹುಡುಗನನ್ನು 'ಬುದ್ಧಿ' ಎನ್ನುತ್ತಿದ್ದರು ಎಂಬುದನ್ನು ತಾವು ಗಮನಿಸಿದಿರಷ್ಟೆ? ಕೆಲಸ ಮುಗಿಯುವವರೆಗೂ ಅವರು ಅಂಗಳದಲ್ಲೇ ಇರುತ್ತಿದ್ದರು. ಶಾಲೆಯ ಜಗುಲಿಯನ್ನು ಹತ್ತುತ್ತಿರಲಿಲ್ಲ, ಹತ್ತಿ ಬನ್ನಿ ಎಂದವರೂ ಇಲ್ಲ. ಹಳ್ಳಿಯಲ್ಲಿ ತಮಟೆಯನ್ನು ಮುಟ್ಟುವ ಕೈ ಯಾವುದು, ಅದರ ಸದ್ದಿಗೆ ಕುಣಿಯುವ ಕಾಲು ಯಾವುದು ಎಂಬುದಕ್ಕೆ ಹಳೆಯ ಕಟ್ಟುಗಳಿದ್ದವು. ಶಾಲೆಯ ಡ್ರಮ್ಮು ಆ ಕಟ್ಟನ್ನು ಅರ್ಧದಷ್ಟು ಮುರಿಯಿತು: ಚರ್ಮವಾದ್ಯವೆಂದು ದೂರವಿಡುತ್ತಿದ್ದ ಮನೆಗಳ ಮಕ್ಕಳೂ ಅದನ್ನು ಕೊರಳಿಗೆ ಹಾಕಿಕೊಂಡು ಹೆಮ್ಮೆಯಿಂದ ನಡೆದರು. ಉಳಿದ ಅರ್ಧ, ಅಂದರೆ ಚರ್ಮವನ್ನು ಹದಗೊಳಿಸಿದ ಕೈಗೆ ಸಲ್ಲಬೇಕಾದ ಗೌರವ, ಅಂದು ಸಲ್ಲಲಿಲ್ಲ. ಬಹುಮಾನದ ದಿನ ಅವರಿಗೆ ಕರೆಯೂ ಹೋಗಲಿಲ್ಲ. ಎರಡು ವರ್ಷದ ಬಳಿಕ ಅವರ ಮೊಮ್ಮಗ ಅದೇ ಶಾಲೆಗೆ ಸೇರಿ ಅದೇ ದೊಡ್ಡ ಡ್ರಮ್ಮನ್ನು ಹೊತ್ತ. ಆ ವರ್ಷ ಆಗಸ್ಟ್ 15ರಂದು ಮುದುಕರು ಬೇಲಿಯ ಹೊರಗೆ ನಿಂತು, ಕಣ್ಣು ಮುಚ್ಚಿ ಕೇಳುತ್ತಿದ್ದುದನ್ನು ಸಾಲಿನಲ್ಲಿದ್ದ ನಾನು ಕಂಡಿದ್ದೇನೆ. ಕೋಲು ಮಲಗಲಿಲ್ಲ.

ಬ್ಯೂಗಲ್ಲಿಗೂ ಹವೆಯ ಕಾಟ ತಪ್ಪಿದ್ದಲ್ಲ. ಜನವರಿಯ ಮುಂಜಾನೆಯ ಚಳಿಗೆ ಕೊಳವೆಯೊಳಗಿನ ಗಾಳಿ ತಣ್ಣಗಾದಾಗ ಅದರಲ್ಲಿ ಶಬ್ದದ ವೇಗ ತಗ್ಗುತ್ತದೆ, ಅದರೊಡನೆ ಶ್ರುತಿಯೂ ಇಳಿಯುತ್ತದೆ. ಹದಿನೈದು ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ ಅರ್ಧ ಸ್ವರಸ್ಥಾನದ ಸಮೀಪಕ್ಕೆ ವ್ಯತ್ಯಾಸ ಬೀಳುತ್ತದೆ. ಒಬ್ಬನು ಬ್ಯೂಗಲ್ಲನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು, ಪಕ್ಕದವನು ತಣ್ಣಗಿರುವುದನ್ನೇ ಊದಿದರೆ, ಎರಡೂ ನಾದಗಳು ಒಂದಕ್ಕೊಂದು ಕಾದಾಡುವುದು ದೂರಕ್ಕೂ ಕೇಳುತ್ತದೆ. ಅದಕ್ಕಾಗಿ ನಮ್ಮ ಸರದಿ ಬರುವ ಮುನ್ನ ನಾಲ್ವರೂ ಹಿಮ್ಮುಖವಾಗಿ ನಿಂತು, ಸದ್ದಿಲ್ಲದೆ ಕೊಳವೆಯೊಳಗೆ ಉಸಿರು ತುಂಬುತ್ತಿದ್ದೆವು. ಹೊಳಪು ತರಲು ಹಿಂದಿನ ರಾತ್ರಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದುದರಿಂದ ಬೆರಳುಗಳಿಗೆಲ್ಲ ಅದರದೇ ವಾಸನೆ.

ಇನ್ನು ಪಂದ್ಯದ ಮಾತು. ತೀರ್ಪುಗಾರರು ನೋಡುತ್ತಿದ್ದುದು ಉಡುಪು, ಸಾಲಿನ ನೇರ, ಹೆಜ್ಜೆಯ ಹೊಂದಾಣಿಕೆ, ನಾದದ ಶುದ್ಧಿ, ಆರಂಭ ಮತ್ತು ಮುಕ್ತಾಯ. ಶೀಘ್ರ ನಡಿಗೆಯಲ್ಲಿ ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಅಂಗುಲ. ಎಡಗಾಲು ನೆಲಕ್ಕೆ ತಾಗುವಾಗ ದೊಡ್ಡ ಡ್ರಮ್ಮಿನ ಪೆಟ್ಟು ಬೀಳಬೇಕು. ಇದು ಸುಲಭವೆಂದು ಕಂಡೀತು. ಆದರೆ ಲೆಕ್ಕ ಹಾಕಿ ನೋಡಿ: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ, ಹೆಜ್ಜೆಗಳಾದರೋ ಸೆಕೆಂಡಿಗೆ ಎರಡು. ಬ್ಯಾಂಡಿನಿಂದ 85 ಮೀಟರು ಹಿಂದಿರುವ ಮಗುವಿಗೆ ಡ್ರಮ್ಮಿನ ಪೆಟ್ಟು ಅರ್ಧ ಹೆಜ್ಜೆಯಷ್ಟು ತಡವಾಗಿ ತಲುಪುತ್ತದೆ. 170 ಮೀಟರು ಹಿಂದಿರುವ ಮಗುವಿಗೆ ಪೂರ್ತಿ ಒಂದು ಹೆಜ್ಜೆಯಷ್ಟು ತಡ. ಅಂದರೆ ಮುಂದಿನವರ ಬಲಗಾಲು ಬೀಳುವಾಗ ಆ ಮಗು ಎಡಗಾಲಿಡುತ್ತದೆ, ಮತ್ತು ತನ್ನದೇ ಸರಿ ಎಂದು ತಿಳಿದಿರುತ್ತದೆ! ಪಥಸಂಚಲನದಲ್ಲಿ ಹಿಂದಿನ ಸಾಲು ಅಲೆಯಂತೆ ತೂಗುವುದಕ್ಕೆ ಮಕ್ಕಳ ಅಶಿಸ್ತನ್ನು ದೂರುವವರು ಈ ಲೆಕ್ಕವನ್ನು ನೆನಪಿಡಬೇಕು. ಬ್ಯಾಂಡನ್ನು ಸಾಲುಗಳ ನಡುವೆ ಇರಿಸುವುದು, ದೊಡ್ಡ ತಂಡಗಳನ್ನು ಒಡೆದು ಒಂದೊಂದಕ್ಕೂ ಒಂದು ಡ್ರಮ್ಮು ಕೊಡುವುದು, ಹಿಂದಿನವರು ಕಿವಿಗಿಂತ ಮುಂದಿನವರ ಕಾಲನ್ನೇ ನಂಬುವಂತೆ ಕಲಿಸುವುದು, ಇವು ಪರಿಹಾರಗಳು.

ಒಂದು ಗಣರಾಜ್ಯೋತ್ಸವದ ಪಂದ್ಯ ನನಗೆ ಚೆನ್ನಾಗಿ ನೆನಪಿದೆ. ಧ್ವಜಸ್ತಂಭದ ಎದುರಿಗೆ ಬರುತ್ತಿರುವಾಗಲೇ ನಮ್ಮ ಸೈಡ್ ಡ್ರಮ್ಮಿನವನೊಬ್ಬನ ಚರ್ಮದ ಪಟ್ಟಿ ಹರಿಯಿತು. ಡ್ರಮ್ಮು ನೆಲಕ್ಕೆ ಬೀಳುವಷ್ಟರಲ್ಲಿ ಆತ ಎಡಗೈಯಿಂದ ಅದನ್ನು ತೊಡೆಗೆ ಅವುಚಿಕೊಂಡು ಬಲಗೈಯೊಂದರಿಂದಲೇ ಬಾರಿಸುತ್ತ ನಡೆದ. ಪಕ್ಕದವನು ಇದನ್ನು ಅರಿತು ತನ್ನ ಪೆಟ್ಟುಗಳನ್ನು ದಟ್ಟವಾಗಿಸಿದ. ಮೈದಾನ ಸುತ್ತಿ ಬರುವವರೆಗೂ ಸಾಲು ಅಲುಗಲಿಲ್ಲ, ಯಾರೂ ಹಿಂತಿರುಗಿ ನೋಡಲಿಲ್ಲ. ನಮಗೆ ಬಂದದ್ದು ಎರಡನೆಯ ಬಹುಮಾನ, ಒಂದು ಕಟ್ಟು ಪುಸ್ತಕ. ಆದರೆ ಸಮೂಹವೆಂದರೆ ಏನು ಎಂಬುದನ್ನು ಪೌರನೀತಿಯ ಪಾಠದಿಂದ ಕಲಿತದ್ದಕ್ಕಿಂತ ಆ ಎರಡು ನಿಮಿಷಗಳಲ್ಲಿ ನಾವು ಹೆಚ್ಚು ಕಲಿತೆವು.

ಚರ್ಮವಾದ್ಯ ಮತ್ತು ಕೊಂಬಿನ ಈ ಜೋಡಿ ನಮ್ಮ ನಾಡಿಗೆ ಹೊಸತೇನಲ್ಲ. ಶಾಸನಗಳಲ್ಲಿ ಸಾಮಂತರ ಬಿರುದಾವಳಿ 'ಸಮಧಿಗತ ಪಂಚಮಹಾಶಬ್ದ' ಎಂದು ಆರಂಭವಾಗುವುದನ್ನು ಇತಿಹಾಸ ಓದಿದವರು ಬಲ್ಲರು. ಹೊಯ್ಸಳರ ಶಾಸನಗಳಲ್ಲಿಯೂ ಈ ಬಿರುದು ಬರುತ್ತದೆ. ಐದು ಮಹಾವಾದ್ಯಗಳನ್ನು ಮೊಳಗಿಸಿಕೊಳ್ಳುವ ಹಕ್ಕು ಎಂದು ಅದರ ಅರ್ಥ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಆ ಐದನ್ನು ಎಣಿಸುತ್ತಾರೆ. ಕೊಂಬೂ ತಮಟೆಯೂ ಅಲ್ಲಿಯೇ ಇವೆ, ನೋಡಿ. ಅಂದು ಅರಸನು ಅನುಗ್ರಹಿಸಿದರೆ ಮಾತ್ರ ದೊರೆಯುತ್ತಿದ್ದ ಘೋಷ ಇಂದು ಶಾಲೆಯ ಯಾವ ಮಗುವಿನ ಹಿಂದೆಯೂ ಮುಂದೆಯೂ ಮೊಳಗಬಹುದು. ಗಣರಾಜ್ಯವೆಂಬ ಮಾತಿಗೆ ಇದೂ ಒಂದು ವ್ಯಾಖ್ಯಾನ.

ಈಗಿನ ರೂಪದ ಬ್ಯೂಗಲ್ಲು ಡ್ರಮ್ಮುಗಳು ಬಂದದ್ದು ಐರೋಪ್ಯ ಸೈನ್ಯಗಳಿಂದ. ತಂತಿ, ರೇಡಿಯೋಗಳಿಲ್ಲದ ಕಾಲದಲ್ಲಿ ದಂಡಿಗೆ ಆಜ್ಞೆ ಮುಟ್ಟಿಸುತ್ತಿದ್ದುದು ಇವೇ: ಏಳು, ಉಣ್ಣು, ನಡೆ, ನಿಲ್ಲು, ದೀಪವಾರಿಸು, ಒಂದೊಂದಕ್ಕೂ ಒಂದೊಂದು ಕರೆ. ಮೈಸೂರು ಅರಮನೆ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎಂಬ ಎರಡು ಮೇಳಗಳನ್ನು ಸಾಕಿತು. ಆ ಪರಂಪರೆ ಮುಂದೆ ಪೊಲೀಸ್ ಇಲಾಖೆಯ ಆಶ್ರಯಕ್ಕೆ ಬಂತು. 1923ರಲ್ಲಿ ಡಾ. ನಾ. ಸು. ಹರ್ಡೀಕರರು ಕಟ್ಟಿದ ಹಿಂದೂಸ್ತಾನಿ ಸೇವಾದಳ ಕವಾಯತಿನ ಶಿಸ್ತನ್ನು ಸ್ವಾತಂತ್ರ್ಯ ಚಳವಳಿಗೆ ತಂದಿತು. ಸ್ಕೌಟು, 1948ರ ಕಾಯಿದೆಯಿಂದ ಹುಟ್ಟಿದ ಎನ್.ಸಿ.ಸಿ., ಸೇವಾದಳ, ಈ ಮೂರು ದಾರಿಗಳಿಂದ ಕವಾಯತಿನ ಜೊತೆಗೆ ಬ್ಯಾಂಡೂ ನಮ್ಮ ಶಾಲೆಗಳಲ್ಲಿ ಬೇರೂರಿತು.

ಅಮೆರಿಕದಲ್ಲಿ ಇದು ಬೇರೊಂದು ಬಗೆಯಲ್ಲಿ ಬೆಳೆಯಿತು. ಮೊದಲನೆಯ ಮಹಾಯುದ್ಧ ಮುಗಿದ ಬಳಿಕ ಊರಿಗೆ ಮರಳಿದ ಯೋಧರು ಸೈನ್ಯದಲ್ಲಿ ಮಿಕ್ಕ ಡ್ರಮ್ಮು ಬ್ಯೂಗಲ್ಲುಗಳಿಂದ ಊರೂರಲ್ಲಿ ತಂಡ ಕಟ್ಟಿ, ತಮ್ಮ ತಮ್ಮಲ್ಲಿ ಪಂದ್ಯ ಹೂಡಿದರು. ಬರುಬರುತ್ತ ಅದು ತರುಣರ ದೊಡ್ಡ ಕಲೆಯಾಯಿತು. 1972ರಿಂದ ವಿವಿಧ ತಂಡಗಳು ಒಂದೇ ಸಂಸ್ಥೆಯಡಿ ರಾಷ್ಟ್ರೀಯ ಪಂದ್ಯದಲ್ಲಿ ಸೆಣಸುತ್ತಿವೆ. ಅಲ್ಲಿ ಕ್ರಮೇಣ ಬ್ಯೂಗಲ್ಲಿಗೆ ಬೆರಳಿನಿಂದ ಒತ್ತುವ ಬಿರಡೆಗಳನ್ನು ಸೇರಿಸಿ ಎಲ್ಲ ಸ್ವರಗಳನ್ನೂ ಹೊಂದಿಸಿಕೊಂಡರು. ನಮ್ಮ ದೇಶದಲ್ಲಿ ಅಖಿಲ ಭಾರತ ಪೊಲೀಸ್ ಬ್ಯಾಂಡ್ ಸ್ಪರ್ಧೆಯಲ್ಲಿ ಬ್ಯೂಗಲ್ಲಿಗೇ ಒಂದು ವಿಭಾಗವಿದೆ. ಗಣರಾಜ್ಯೋತ್ಸವದ ಸಂದರ್ಭದಲ್ಲಿ ಶಾಲಾ ಬ್ಯಾಂಡುಗಳ ರಾಷ್ಟ್ರೀಯ ಸ್ಪರ್ಧೆಯೂ ನಡೆಯುತ್ತದೆ. ಅದರಲ್ಲಿ ಬಾಲಕರಂತೆ ಬಾಲಕಿಯರಿಗೂ ಪ್ರತ್ಯೇಕ ತಂಡಗಳುಂಟು. ನಮ್ಮ ಕಾಲದಲ್ಲಿ, ಹೆಣ್ಣುಮಕ್ಕಳಿಗೆ ಉಸಿರು ಸಾಲದು ಎಂದು ನಮ್ಮ ಊರಿನಲ್ಲಿ ಹೇಳುತ್ತಿದ್ದರು. ದಿನವೂ ಬಾವಿಯಿಂದ ನೀರು ಸೇದಿ ಹೊತ್ತು ತರುತ್ತಿದ್ದವರು ಅವರೇ ಎಂಬುದು ಹಾಗೆ ಹೇಳುವವರ ಗಮನಕ್ಕೆ ಬಂದಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಳವಳವನ್ನೂ ತಮ್ಮೊಡನೆ ಹಂಚಿಕೊಳ್ಳಬೇಕು. ಈಚೆಗೆ ಕೆಲವು ಮೈದಾನಗಳಲ್ಲಿ ಮಕ್ಕಳು ಧ್ವನಿವರ್ಧಕದಿಂದ ಬರುವ ಮುದ್ರಿತ ವಾದ್ಯಕ್ಕೆ ಹೆಜ್ಜೆ ಹಾಕುವುದನ್ನು ಕಂಡಿದ್ದೇನೆ. ಅದರಲ್ಲಿ ಶ್ರುತಿ ತಪ್ಪದು, ಚರ್ಮ ಜೋಲದು, ಪಟ್ಟಿ ಹರಿಯದು, ಖರ್ಚೂ ಕಡಿಮೆ. ಆದರೆ ಪಕ್ಕದವನ ಪಟ್ಟಿ ಹರಿದಾಗ ತಾನು ಹೆಚ್ಚು ಬಾರಿಸಬೇಕೆಂದು ಆ ಯಂತ್ರ ಯಾವ ಮಗುವಿಗೂ ಕಲಿಸಲಾರದು. ಮಾತಿನಲ್ಲಿ ಹಿಂದುಳಿದ, ಲೆಕ್ಕದಲ್ಲಿ ಹಿಂದುಳಿದ ಎಷ್ಟೋ ಮಕ್ಕಳಿಗೆ ಇಡೀ ಶಾಲೆ ತನ್ನ ಪೆಟ್ಟಿಗೆ ಹೆಜ್ಜೆ ಹಾಕಿದ ಆ ಒಂದು ಬೆಳಗು ಬಾಳೆಲ್ಲ ಬೆನ್ನಿಗೆ ನಿಲ್ಲುತ್ತದೆ.

ಅನೇಕ ಶಾಲೆಗಳ ಕೊಠಡಿಯ ಮೂಲೆಯಲ್ಲಿ ಧೂಳು ತಿನ್ನುತ್ತ ಒಂದು ಬ್ಯಾಂಡು ಸೆಟ್ಟು ಬಿದ್ದಿರುವುದುಂಟು. ತಮ್ಮ ಮಕ್ಕಳು ಮೊಮ್ಮಕ್ಕಳು ಓದುವ ಶಾಲೆಯಲ್ಲಿ ಅಂತಹದೊಂದು ಇದ್ದರೆ ಹೊರಗೆ ತೆಗೆಸಿ. ಹರಿದ ಹೊದಿಕೆಯನ್ನು ಬದಲಿಸಲು, ಬ್ಯೂಗಲ್ಲಿನ ತಗ್ಗುಗಳನ್ನು ತೆಗೆಸಲು ಹೊಸ ಸೆಟ್ಟಿನ ಬೆಲೆ ಬೇಕಾಗಿಲ್ಲ. ಊರಿನ ತಮಟೆಯ ಹಿರಿಯರೊಬ್ಬರನ್ನು ಕರೆಯಿಸಿ, ಜಗುಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಮಕ್ಕಳಿಗೆ ಪೆಟ್ಟಿನ ಮರ್ಮವನ್ನು ಹೇಳಿಸಿ. ಮೊದಲ ವಾರ ಮನೆಯಲ್ಲಿ ಕಿವಿ ಮುಚ್ಚಿಕೊಳ್ಳಬೇಕಾದೀತು, ಸೈರಿಸಿ. ಎರಡನೆಯ ವಾರಕ್ಕೆ ಬುಸ್ಸೆಂಬ ಉಸಿರಿನ ನಡುವಿನಿಂದ ಷಡ್ಜವೊಂದು ನಿಲ್ಲುತ್ತದೆ; ಪಂಚಮ ತಾನಾಗಿ ಹಿಂಬಾಲಿಸುತ್ತದೆ.